ಬೋರಲು ಬಕೆಟ್ಟು

ಲೀಟ್ರಿಮ್ಮಿನ ಜೌಗು ಹೊಲದಲ್ಲಿ
ಬಕೆಟ್ಟು ಬೋರಲು ಹಾಕಿ ಕೂರುತ್ತಾಳೆ ಡಿಂಫ್ನಾ,
ಕುದುರೆಗೆ ಬೆನ್ನು ಮಾಡಿ.
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಕಾಯುವುದು ಗೊತ್ತು.
ಪತ್ರಿಕೆಯ ನಿಧನವಾರ್ತೆ ಓದುತ್ತಾಳೆ ಗಟ್ಟಿಯಾಗಿ,
ಸತ್ತವರ ಹೆಸರಿಗೆ ಯಾರೂ ಬೆದರುವುದಿಲ್ಲವೆಂದು.
ಇದಕ್ಕಿನ್ನೂ ಹೆಸರಿಟ್ಟಿಲ್ಲ.

ಮೂಗಿನ ಮೇಲೆ
ಚರ್ಮದೊಳಗೇ ಹೂತಿದ್ದ ಹಗ್ಗದ ಗೆರೆ.
ಹಣೆಗೂದಲು ಸರಿಸಲು ಕೈ ಎತ್ತಿದರೂ
ಬೇಲಿಯ ಆ ತುದಿಗೆ ಓಟ.
ಅದಕ್ಕೇ ಕೂದಲು ಕತ್ತರಿಸಿಕೊಂಡಳು.

ಜೇಬಿನ ಕ್ಯಾರೆಟ್ಟು ಬಾಡಿತು,
ತಾನೇ ತಿಂದಳು.

ಇವತ್ತು ಮೊಹಿಲ್ ಊರಿನ ಬೇಕರಿಯವನೊಬ್ಬ ಸತ್ತಿದ್ದ.
ಅರ್ಧ ಓದುವಾಗ
ಕುತ್ತಿಗೆಗೆ ಬಿಸಿಯುಸಿರು.

ಹಾಳೆ ತಿರುವಲಿಲ್ಲ ಅವಳು.
ಅದೇ ಬೇಕರಿಯವನನ್ನು
ಮೊದಲಿನಿಂದ ಸಾಯಿಸಿದಳು, ಮೆಲ್ಲಗೆ,
ಮತ್ತೆ
ಇನ್ನೊಮ್ಮೆ.