ಹಗ್ಗದ ಈಚೆ

ಈಚೆ ನಿಲ್ಲಿ, ಹಗ್ಗದ ಈಚೆ.
ಅಂಚಿನ ಹುಲ್ಲನ್ನು ನಂಬಬೇಡಿ;
ಹೋದ ಮಾರ್ಚಿನಲ್ಲಿ ಇಲ್ಲೊಂದು ಬೆಂಚಿತ್ತು,
ಯಾರದೋ ನೆನಪಿನ ಹಿತ್ತಾಳೆ ಫಲಕದ ಸಮೇತ
ಒಂದು ರಾತ್ರಿ ಸದ್ದಿಲ್ಲದೆ ಇಳಿದುಹೋಯಿತು.

ಬೆಳ್ಳಗಿರುವುದೆಲ್ಲ ಸೀಮೆಸುಣ್ಣ.
ಹೌದು, ಶಾಲೆಯ ಹಲಗೆಯ ಮೇಲೆ ಕಿರುಗುಟ್ಟಿದ್ದೇ,
ಇಲ್ಲಿ ನಾನೂರು ಅಡಿ ನಿಂತಿದೆ.
ವಾಸನೆಗೆ ಕ್ಷಮಿಸಿ.
ಲಕ್ಷಗಟ್ಟಲೆ ಬಾಡಿಗೆದಾರರು, ಒಂದೂ ಕಕ್ಕಸಿಲ್ಲ.

ಪಫಿನ್ ಎಲ್ಲಿ ಎಂದು ಕೇಳುತ್ತೀರಿ, ಗೊತ್ತು.
ಅಂಗಡಿಯ ಮಗ್ಗಿನ ಮೇಲೆ ದೊಡ್ಡದು,
ಇಲ್ಲಿ ನಿಮ್ಮ ಮುಷ್ಟಿಗಿಂತ ಸ್ವಲ್ಪ ಹೆಚ್ಚು.
ಸಿಕ್ಕರೆ ತೋರಿಸುತ್ತೇನೆ.

ನನಗೆ ಬೇಕಾದದ್ದು ಇವು, ಕರಿ ಕೋಟಿನವು,
ಕೋರ್ಟಿನ ಮೆಟ್ಟಿಲ ಮೇಲೆ ವಕೀಲರು ನಿಂತ ಹಾಗೆ
ಭುಜಕ್ಕೆ ಭುಜ ತಾಗಿಸಿ ಜಗಳಾಡುವ ಗಿಲ್ಲೆಮಾಟ್.
ಗೂಡಿಲ್ಲ. ಒಂದು ಕಡ್ಡಿಯನ್ನೂ ತಂದಿಡುವುದಿಲ್ಲ.
ಗೇಣಗಲದ ಕಲ್ಲು, ಅದರ ಮೇಲೆ ಒಂದೇ ಮೊಟ್ಟೆ,
ಬುಗುರಿಯಂತೆ ಒಂದು ತುದಿ ಚೂಪು.
ಒಂದರ ಬರಹ ಇನ್ನೊಂದಕ್ಕಿಲ್ಲ:
ಹಸಿರಿನ ಮೇಲೆ ಶಾಯಿ ಚೆಲ್ಲಿದ್ದು,
ಬಿಳಿಯ ಮೇಲೆ ಯಾರೋ ಅವಸರದಲ್ಲಿ ರುಜು ಹಾಕಿದ್ದು.
ಆ ರುಜು ನೋಡಿಯೇ ತಾಯಿ
ಇದು ನನ್ನದು ಎನ್ನುತ್ತಾಳೆ.

ಈಗ ಪರಂಪರೆ. ಕರಪತ್ರದಲ್ಲಿ ಆ ಮಾತು ಇದೆ,
ಆದ್ದರಿಂದ ಹೇಳಲೇಬೇಕು.
ಈ ತುಕ್ಕಿನ ಗೂಟಕ್ಕೆ ಹಗ್ಗ ಸುತ್ತಿ
ಯಾರ್ಕ್‌ಷೈರಿನ ಈ ಮೂಲೆಯ ಗಂಡಸರು ಇಳಿಯುತ್ತಿದ್ದರು.
ಕಲ್ಲು ಬಿದ್ದರೆ ತಲೆ ಉಳಿಯಲೆಂದು
ಟೋಪಿಯೊಳಗೆ ಹುಲ್ಲು ತುರುಕಿಕೊಂಡು,
ಹೆಗಲಿಗೆರಡು ಚೀಲ ತೂಗುಹಾಕಿಕೊಂಡು.

ನನ್ನಜ್ಜ ಜೇಬೆಜ್ ಲೆಪಿಂಗ್ಟನ್.
ಅವನ ಪಾಲಿಗೆ ಬಂದ ಬಂಡೆಯಲ್ಲಿ ಒಂದು ಅಂಚು,
ಅಲ್ಲೊಂದು ಹಕ್ಕಿ, ವರ್ಷಕ್ಕೊಮ್ಮೆ ಒಂದು ಕೆಂಪು ಮೊಟ್ಟೆ.
ಕೆಂಪೆಂದರೆ ಎಂಥ ಕೆಂಪು!
ಲೀಡ್ಸಿನ ಹಲ್ಲಿನ ಡಾಕ್ಟರೊಬ್ಬ
ಅದಕ್ಕಾಗಿಯೇ ರೈಲು ಹತ್ತಿ ಬರುತ್ತಿದ್ದನಂತೆ.
ಹದಿಮೂರು ವಸಂತ ಅದೇ ಹಕ್ಕಿ,
ಅದೇ ಕಲ್ಲು, ಅದೇ ಕೈ.
ಕಳಕೊಂಡ ಮೇಲೆ ಇನ್ನೊಂದಿಡುತ್ತಿತ್ತು.
ಅಜ್ಜ ಅದಕ್ಕೂ ಇಳಿಯುತ್ತಿದ್ದ.

ಆ ಕೆಂಪಿನ ದುಡ್ಡಿನಲ್ಲಿ ಅಮ್ಮನಿಗೆ ಬೂಟು ಬಂತು.
ಬೂಟು ಹಾಕಿಕೊಂಡು ಅವಳು ಶಾಲೆಗೆ ಹೋದಳು,
ಓದು ಕಲಿತು ನನಗೂ ಕಲಿಸಿದಳು.
ಓದಿ ನಾನು ಹಕ್ಕಿಗಳ ಪರವಾಗಿ
ನಿಮ್ಮ ಮುಂದೆ ಮಾತಾಡುತ್ತಿದ್ದೇನೆ.
ಇದನ್ನು ಹೇಗೆ ಮುಗಿಸಬೇಕೋ ನನಗೆ ತಿಳಿದಿಲ್ಲ.
ಸಾಮಾನ್ಯವಾಗಿ ಇಲ್ಲಿ ಬೈನಾಕ್ಯುಲರ್ ಹಂಚುತ್ತೇನೆ.

ಹಿಂದೆ ನಿಂತಿರುವ ನೀಲಿ ಟೋಪಿಯವರು ಮಿಸ್ಟರ್ ಮೇನ್‌ಪ್ರೈಜ್.
ಪ್ರತಿ ಮೇ ತಿಂಗಳು ಬರುತ್ತಾರೆ,
ಬೇಡವೆಂದರೂ ಟಿಕೆಟ್ಟಿನ ದುಡ್ಡು ಎಣಿಸಿ ಕೊಡುತ್ತಾರೆ.
ಹಕ್ಕಿ ನೋಡುವುದಿಲ್ಲ, ನೆಲ ನೋಡುತ್ತಾರೆ.
ಕಾನೂನು ಬರುವ ಹಿಂದಿನ ವರ್ಷ,
ಹನ್ನೊಂದರ ಹುಡುಗ,
ಅಪ್ಪನ ಹಗ್ಗ ಹಿಡಿದವರಲ್ಲಿ ಒಬ್ಬರು.

ಹೋದ ಸಲ ಒಂದು ಪುಟ್ಟ ಹುಡುಗಿ ಕೇಳಿದಳು:
ಹಕ್ಕಿ ಅಳುತ್ತಿರಲಿಲ್ಲವೆ?
ನಾನು ಕಾಗದ ತಿರುವುತ್ತಿದ್ದೆ. ಅವರೇ ಹೇಳಿದರು:
ಕೂಗು ಇತ್ತು ಮಗೂ, ಆಗಲೂ ಇಷ್ಟೇ ಗದ್ದಲ.
ಮೇಲಿದ್ದ ನಮಗೆ ಹಗ್ಗದ ಮಾತಷ್ಟೇ ಕೇಳಿಸುತ್ತಿತ್ತು.
ಒಂದು ಜಗ್ಗಿದರೆ ಬಿಡು,
ಎರಡು ಜಗ್ಗಿದರೆ ಎಳೆ,
ಮೂರು ಜಗ್ಗಿದರೆ...
ಮೂರರ ಅರ್ಥ ಅವರು ಹೇಳಲಿಲ್ಲ.
ಆ ಹುಡುಗಿಗೂ ಅಷ್ಟರಲ್ಲಿ ಪಫಿನ್ ಸಿಕ್ಕಿತ್ತು.

ಜುಲೈಯಲ್ಲಿ ಇನ್ನೊಮ್ಮೆ ಬನ್ನಿ, ಕತ್ತಲಾಗುವ ಹೊತ್ತಿಗೆ.
ಮೂರು ವಾರದ ಮರಿ, ರೆಕ್ಕೆ ಬರೀ ಹೆಸರಿಗೆ,
ಅಂಚಿಗೆ ಬಂದು ನಿಲ್ಲುತ್ತದೆ.
ಕೆಳಗೆ ನೀರಿನಲ್ಲಿ ಅಪ್ಪ ಕರೆಯುತ್ತಾನೆ,
ಸಾವಿರ ಅಪ್ಪಂದಿರ ನಡುವೆ ಆ ಒಂದು ದನಿ.
ಮರಿ ಹಾರುತ್ತದೆ.
ಯಾವ ಅರ್ಥದ ಹಾರುವುದೋ
ನೀರು ಮುಟ್ಟುವವರೆಗೆ ಅದಕ್ಕೂ ಗೊತ್ತಿರುವುದಿಲ್ಲ.

ಸರಿ, ಗಾಳಿ ತಿರುಗಿತು. ಟೀ ಅಂಗಡಿ
ನಾಲ್ಕೂವರೆಗೆಲ್ಲ ಬಾಗಿಲು ಹಾಕುತ್ತದೆ.
ಬೈನಾಕ್ಯುಲರ್ ಎಣಿಸಿ ಕೊಡಿ, ಒಂಬತ್ತಿದ್ದವು.

ಮಿಸ್ಟರ್ ಮೇನ್‌ಪ್ರೈಜ್,
ದಯವಿಟ್ಟು,
ಹಗ್ಗದ ಈಚೆ.