ತಾನಾಗಿ ಸೇರಿಕೊ

ಗುಂಡಿ ಒತ್ತಿ, ಚಾ ಕುಡಿದು, ಲೋಟ ತೊಳೆದು ಬಂದರೂ
ಇನ್ನೂ ಎದ್ದಿರುತ್ತಿರಲಿಲ್ಲ ನನ್ನ ಲ್ಯಾಪ್‌ಟಾಪು.

ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿಯಲ್ಲಿ
ಎಲ್ಲರನ್ನೂ ಟೀಚರೇ ಎನ್ನುವ ಅನ್ಸೀಫ್ ಹೇಳಿದ:
ಟೀಚರೇ, ಇದಕ್ಕೆ ರೋಗ ಇಲ್ಲ.
ಹದಿನೇಳು ಮಂದಿ ಒಟ್ಟಿಗೇ ಏಳುತ್ತಾರೆ,
ಇರುವುದೊಂದೇ ಬಚ್ಚಲು.

ಪಟ್ಟಿ ತೋರಿಸಿದ. ನಾನು ಕರೆಯದವರೇ ಎಲ್ಲ:
ಎಂದೋ ಮಾರಿದ ಪ್ರಿಂಟರಿನ ಕಾವಲುಗಾರ,
ಅವಧಿ ಮುಗಿದರೂ ದಿನಾ ದುಡ್ಡು ಕೇಳುವ ವೈರಸ್ ಪಹರೆ,
ಹವೆ ಹೇಳುವವನೊಬ್ಬ,
ಕಿಟಕಿ ತೆರೆದರೆ ಕಾಣುವುದನ್ನೇ, ಅದೂ ಕೊಚ್ಚಿಯದ್ದು.
ಒಬ್ಬೊಬ್ಬರನ್ನಾಗಿ ಮಲಗಿಸಿದ.
ಸತ್ತಿಲ್ಲ, ಕರೆದರೆ ಬರುತ್ತಾರೆ ಎಂದ,
ನನ್ನ ಮುಖ ನೋಡಿ.

ಉಳಿದದ್ದು ಗಡಿಯಾರ, ಕೀಲಿಮಣೆ.
ಕೀಲಿಮಣೆ ಮೊದಲು ಮಲಯಾಳಕ್ಕೆ ಬಾಯಿ ತೆರೆಯುತ್ತಿತ್ತು.
ದೂರಲಾರೆ. ನನ್ನ ಕೂಳು ಅದರಲ್ಲೇ;
ಸರಕಾರದ ಆದೇಶಗಳನ್ನು ಕನ್ನಡಕ್ಕೆ ಇಳಿಸಿ
ಪುಟಕ್ಕಿಷ್ಟೆಂದು ಎಣಿಸಿ ಬದುಕುವವಳು.
'ಹಾಜರು' ಎಂಬ ಮಾತು ಬಂದಲ್ಲಿ ಮಾತ್ರ
ಎರಡೂ ದಡಕ್ಕೆ ಒಂದೇ ದೋಣಿ.
ಬೆಳಗಿನ ಮೊದಲ ಅಕ್ಷರ ಕನ್ನಡದ ಅ ಇರಲಿ ಎಂದೆ.
ಎರಡಕ್ಕೂ ಅ ಒಂದೇ ಅಲ್ಲವೇ ಟೀಚರೇ?
ಬಾಯಿಗೆ ಒಂದೇ ಮಾರಾಯ,
ಕೈ ಸುತ್ತುವ ದಾರಿ ಬೇರೆ.

ವೈಫೈ ನಾನೇ ನೋಡಿಕೊಳ್ಳುತ್ತೇನೆಂದು ಜಂಬ ಹೇಳಿ ಬಂದಿದ್ದೆ.
ರಾತ್ರಿ ಬೀರಂತಬೈಲಿನ ಬಾಡಿಗೆ ಕೋಣೆಯಲ್ಲಿ ತೆರೆದರೆ
ಗಾಳಿಯಲ್ಲಿ ಓಣಿಗೆ ಓಣಿಯೇ ನಿಂತಿದೆ:
ಬೈತುಲ್ ನೂರ್ ಮೇಲ್ಮಹಡಿ,
ಕ್ರಾಸ್ತಾ ಫೈವ್ ಜಿ,
'ಪಾಸ್‌ವರ್ಡ್ ಕೇಳ್ಬೇಡಿ'.
ಬೇಲಿಯ ತಗಾದೆಯಲ್ಲಿ ಹತ್ತು ವರ್ಷ ಮಾತಿಲ್ಲದ ಎರಡು ಮನೆಗಳು
ಒಂದರ ಕೆಳಗೊಂದು,
ಸಮಸಮ ಮೂರು ಗೆರೆ ಹೊತ್ತು.

ಇನ್ನೂ ಕೆಳಗೆ, ನೆನಪಿರುವ ಜಾಲಗಳು. ನಲವತ್ತೊಂದು.
ಬದಿಯಡ್ಕದ ವಾಚನಾಲಯ.
ಹೊಸದುರ್ಗದ ಕೋರ್ಟಿನೆದುರಿನ ಕ್ಯಾಂಟೀನು.
ಹೆಸರೇ ಇಲ್ಲದ, ಬರೀ ಅಂಕಿಯ ಒಂದು ಲಾಡ್ಜು.
ಮಂಗಳೂರಿನ ಆಸ್ಪತ್ರೆ, ನಾಲ್ಕನೇ ಮಹಡಿ, ಅತಿಥಿ.

ಹತ್ತೊಂಬತ್ತು ರಾತ್ರಿ ಅಲ್ಲಿ
ವಾರಿಜಕ್ಕನ ಮಂಚದ ಪಕ್ಕ ಸ್ಟೂಲಿನ ಮೇಲೆ
ಮೀನುಗಾರಿಕೆಯ ನಿಯಮಾವಳಿ ಅನುವಾದಿಸಿದ್ದೆ.
'ಬಲೆಯ ಕಣ್ಣಿನ ಅಳತೆ' ಎಂದು ಓದಿಕೊಳ್ಳುವಾಗ
ಮಲಗಿದ್ದವಳು ಕೇಳಿದ್ದಳು:
ಬಲೆಗೂ ಕಣ್ಣಾ? ಮುಚ್ಚುತ್ತದಾ ಅದು?

ಆ ಹೆಸರಿನೆದುರು ಸಣ್ಣದೊಂದು ಸರಿಗುರುತು:
ತಾನಾಗಿ ಸೇರಿಕೊ.
ಅಂದರೆ ಈ ಮೂರು ವರ್ಷ
ನಾನು ಮುಚ್ಚಳ ಎತ್ತಿದಾಗಲೆಲ್ಲ
ಇದು ಮೊದಲು ನಾಲ್ಕನೇ ಮಹಡಿಯನ್ನು ಕೂಗಿ,
ಐವತ್ತು ಕಿಲೋಮೀಟರಿನಾಚೆಯ ಗೋಡೆಗೆ ಕಿವಿಗೊಟ್ಟು,
ಅಲ್ಲಿ ಯಾರೂ ಓಗೊಡದೆ
ಮತ್ತೆ ಮನೆಗೆ ಬರುತ್ತಿತ್ತೇನೋ.
ನಾನು ಎಮ್ಮೆ ಎಂದು ಬೈಯುತ್ತಿದ್ದೆ.

'ಮರೆತುಬಿಡು' ಎಂಬ ಗುಂಡಿಯಿದೆ.
ಒತ್ತಿದರೆ ಮುಗಿಯಿತು, ಖಂಡಿತವೇ ಎಂದೂ ಕೇಳುವುದಿಲ್ಲ.
ಕ್ಯಾಂಟೀನು ಹೋಯಿತು. ಲಾಡ್ಜು ಹೋಯಿತು.
ವಾಚನಾಲಯ ಇಟ್ಟುಕೊಂಡೆ, ಪುಸ್ತಕ ಹಿಂದಿರುಗಿಸಲಿಕ್ಕಿದೆ.
ಆಸ್ಪತ್ರೆಯ ಬಳಿ ಬೆರಳು ಬಹಳ ಹೊತ್ತು ನಿಂತು
ಸರಿಗುರುತನ್ನಷ್ಟೇ ಅಳಿಸಿತು.
ಹೆಸರು ಇರಲಿ.
ದಿನಾ ಹೋಗಿ ಹುಡುಕುವುದು ಬೇಡ.

ಈಗ ಅರ್ಧ ಲೋಟ ಚಾಕ್ಕೆ ಏಳುತ್ತದೆ.
ಗಡಿಯಾರ, ಅ, ಖಾಲಿ ಪುಟ.
ನಾನು ಹೇಳುವವರೆಗೆ ಗಾಳಿಗೆ ಕೈ ಚಾಚುವುದಿಲ್ಲ.

ಬ್ಲೂಟೂತೊಂದು ಮಾತ್ರ ಹೇಳಿದ ಮಾತು ಕೇಳದು.
ನಿನ್ನೆ ಸಂಜೆ ಕರಡನ್ನು ಗಟ್ಟಿ ಓದಿಸಲು ಹೋದರೆ
ಇಲ್ಲಿ ಸದ್ದೇ ಇಲ್ಲ.
ಲಿಲ್ಲಿ ಕ್ರಾಸ್ತಾ ಜಪಸರ ಹಿಡಿದುಕೊಂಡೇ ಬಾಗಿಲಿಗೆ ಬಂದರು:
ಅಲ್ಲ, ನಮ್ಮ ಸ್ಪೀಕರಿನೊಳಗೆ ಯಾರೋ ಹೆಂಗಸು
ತೇರ್ಸಿನ ನಡುವೆ ಬಲೆಯ ಲೆಕ್ಕ ಹೇಳುತ್ತಿದ್ದಾಳಲ್ಲ,
ನಿಮ್ಮ ಪೈಕಿಯಾ?

ಶನಿವಾರ ಅನ್ಸೀಫನಲ್ಲಿಗೆ ಮತ್ತೆ ಹೋಗಬೇಕು.