ಮೈಗಳ್ಳಿ

ಚಿಕ್ಕಮ್ಮ ಹಿಲ್ಡಾ ಷೆಫೀಲ್ಡಿನಲ್ಲಿ ಚಮಚ ಉಜ್ಜುತ್ತಿದ್ದಳು.
ತಲೆಗೆ ಕೆಂಪು ವಸ್ತ್ರ, ಎದೆಗೆ ಕಂದು ಕಾಗದ,
ಕಾಲಿಗೆ ನಿನ್ನೆಯ ಪತ್ರಿಕೆ ಸುತ್ತಿ, ದಾರ ಬಿಗಿದು,
ತಿರುಗುವ ಚಕ್ರಕ್ಕೆ ಚಮಚದ ಬೆನ್ನು ಕೊಡುವ ಕೆಲಸ.
ಎಷ್ಟು ಡಜನ್ನೋ ಅಷ್ಟು ಕೂಲಿ.
ಸಂಜೆ ಮನೆಗೆ ಬಂದರೆ ಮೊಣಕಾಲ ಮೇಲೆ
ಕುದುರೆ ಜೂಜಿನ ಫಲಿತಾಂಶ ಅಚ್ಚೊತ್ತಿರುತ್ತಿತ್ತು,
ಎಡದಿಂದ ಬಲಕ್ಕಲ್ಲ, ಬಲದಿಂದ ಎಡಕ್ಕೆ.

ಅದನ್ನು ತೊಳೆದುಕೊಳ್ಳುವ ಮೊದಲೇ ನಿದ್ದೆ.
ಕುರ್ಚಿಯಲ್ಲಿ, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ.

ಲೇಜಿಬೋನ್ಸ್, ಅನ್ನುತ್ತಿದ್ದಳು ಅಜ್ಜಿ.
ಅದರಲ್ಲಿ ಒಂದು ಚಿಟಿಕೆ ಸಕ್ಕರೆ ಇರುತ್ತಿತ್ತು.
ಚಿಕ್ಕಪ್ಪ ಸಿರಿಲ್ ಬಾಯಲ್ಲಿ ಅದೇ ಮೂಳೆ
ಬೋನ್ ಐಡಲ್ ಆಗುತ್ತಿತ್ತು. ಸಕ್ಕರೆ ಇಲ್ಲ.
ಕಾರ್ಖಾನೆಯ ಮೇಸ್ತ್ರಿ ಮಿಸೆಸ್ ಗ್ಲೆಡ್‌ಹಿಲ್ ಸ್ಲ್ಯಾಕರ್ ಎಂದು ಕೂಗಿದರೆ
ಚಕ್ರದ ಪಟ್ಟಿ ಸಡಿಲಾಯಿತೆಂದು ಎಲ್ಲರೂ ತಿರುಗಿ ನೋಡುತ್ತಿದ್ದರು;
ಸಡಿಲಾದದ್ದು ಚಿಕ್ಕಮ್ಮ.
ಕಿಟಕಿ ಮುಚ್ಚು ಎಂದರೆ ನೆಶ್.
ಮೆಟ್ಟಿಲ ಮಧ್ಯೆ ನಿಂತು ಉಸಿರು ಎಳೆದುಕೊಂಡರೆ
ಪಕ್ಕದ ಮನೆಯ ಆಲಿವ್, ಲೈಬ್ರರಿ ಕಾರ್ಡು ಇದ್ದವಳು,
ಲೆಥಾರ್ಜಿಕ್ ಎಂಬುದನ್ನು ಪಿಂಗಾಣಿ ಬಟ್ಟಲಿನ ಹಾಗೆ
ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಡುತ್ತಿದ್ದಳು.

ಅವಳ ಶಾಲೆಯ ಹಳೆಯ ವರದಿಯೊಂದು ನನಗೆ ಸಿಕ್ಕಿತ್ತು,
ಹನ್ನೆರಡನೇ ವಯಸ್ಸಿನದು. ಲಿಸ್ಟ್‌ಲೆಸ್, ಎಂದು ನೀಲಿ ಶಾಯಿ.
ಪಾಪ, ಪಟ್ಟಿ ಕಳೆದುಕೊಂಡಿದ್ದಾಳೆ ಅಂದುಕೊಂಡೆ ನಾನು.
ಒಂದು ಪಟ್ಟಿ ಬರೆದೂ ಕೊಟ್ಟೆ:
ಹಿಟ್ಟು, ಸೋಪು, ಬೆಂಕಿಪೊಟ್ಟಣ, ಏಳುವುದು.
ಅವಳು ಅದನ್ನು ಬಹಳ ಹೊತ್ತು ಓದಿದಳು.
ನಾಲ್ಕನೆಯದು ಅಂಗಡಿಯಲ್ಲಿ ಸಿಗಲ್ಲ ಕಣೇ, ಅಂದಳು.

ಎಷ್ಟೊಂದು ಪದ ಆ ಭಾಷೆಯಲ್ಲಿ!
ದುಡಿಯುವವರಿಗಿಂತ ಕೂತವರನ್ನು ನೋಡಿ ನೋಡಿ
ಹೆಸರಿಟ್ಟವರೇ ಜಾಸ್ತಿ ಇರಬೇಕು.
ಮೈಗಳ್ಳಿ ಎಂಬ ಮಾತೊಂದು ಮಾತ್ರ ಅಲ್ಲಿರಲಿಲ್ಲ.
ಇದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ:
ಕಳ್ಳತನವಾದದ್ದು ಯಾರ ಮೈ?

ಆಸ್ಪತ್ರೆಗೆ ಹೋದದ್ದು ನನ್ನ ಕಿವಿನೋವಿಗೆ.
ಡಾಕ್ಟರ್ ಕೊನೊಲಿ ನನ್ನ ಕಿವಿಯೊಳಗೆ ಇಣುಕುತ್ತಿದ್ದವಳು
ನನ್ನನ್ನು ಹಿಡಿದಿದ್ದ ಕೈಯನ್ನು ನೋಡಿದಳು. ಕಿವಿ ಬಿಟ್ಟಳು.
ಚಿಕ್ಕಮ್ಮನ ಉಗುರಿನ ಮೇಲೆ ಒಂದು ಹನಿ ನೀರು ಹಾಕಿದಳು.
ಹನಿ ಜಾರಲಿಲ್ಲ.
ಗುಳಿಯಲ್ಲಿ ನಿಂತಿತು, ದೀಪ ಅದರಲ್ಲಿ ಸಣ್ಣದಾಗಿ ಉರಿಯಿತು.

ಇಪ್ಪತ್ತು ವರ್ಷ ಚಮಚ ಉಜ್ಜಿದವಳ
ಹತ್ತೂ ಉಗುರು ಚಮಚವಾಗಿದ್ದವು.

ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆ ಬಿಳಿ ಕಾಗದ.
ತಿಂಗಳಿಗೆ ಎಷ್ಟು ದಿನ ಹೋಗುತ್ತದೆ?
ಕೇಳಿದಳು ಡಾಕ್ಟರು, ನನ್ನನ್ನು ಹೊರಗೆ ಕಳಿಸದೆ.
ಹತ್ತು, ಒಮ್ಮೊಮ್ಮೆ ಹನ್ನೆರಡು, ಅಂದಳು ಚಿಕ್ಕಮ್ಮ ಗೋಡೆಗೆ.
ಎಲ್ಲರಿಗೂ ಹಾಗೇ ಅಲ್ಲವೇ?
ಅಲ್ಲ, ಅಂದಳು ಡಾಕ್ಟರು.
ನಿಮ್ಮ ರಕ್ತದಲ್ಲಿ ಕಬ್ಬಿಣ ಇಲ್ಲ.

ಚಿಕ್ಕಮ್ಮ ನಕ್ಕಳು. ಕಿಟಕಿಯ ಹೊರಗೆ ಕುಲುಮೆಗಳ ಕೊಳವೆಗಳು,
ಲಾರಿ ಲಾರಿ ಉಕ್ಕು, ಊರಿಗೆ ಊರೇ ಕಬ್ಬಿಣ ಕೆಮ್ಮುತ್ತಿತ್ತು.
ನಗು ನಿಲ್ಲಿಸಲು ಅವಳಿಗೆ ಆಗಲಿಲ್ಲ,
ಉಸಿರು ಸಾಲದೆ ತಾನಾಗಿ ನಿಂತಿತು.

ಮಾತ್ರೆಗಳು ಹಸಿರು ಬಣ್ಣ, ಬಾಯಲ್ಲಿ ಹಳೆಯ ಮೊಳೆಯ ರುಚಿ.
ಅಂಚೆಯ ಟಾರ್ಪಾಲು ಕಳಚಿದ ಹಾಗೆ ನಿಧಾನ ಬಣ್ಣ ಬಂತು ಮುಖಕ್ಕೆ.
ಯಾರೂ ಕ್ಷಮೆ ಕೇಳಲಿಲ್ಲ. ಸಿರಿಲ್ ಒಂದು ಸಂಜೆ
ತಾನೇ ಕಲ್ಲಿದ್ದಲು ತಂದು ಹಾಕಿದ, ಅಷ್ಟೆ.

ನಾಲ್ಕನೇ ತಿಂಗಳ ಒಂದು ಭಾನುವಾರ
ಹತ್ತೂವರೆಯಾದರೂ ಅವಳು ಕೆಳಗಿಳಿಯಲಿಲ್ಲ.
ಹೆದರಿ ಮೇಲೆ ಹೋದೆ. ಕಣ್ಣು ತೆರೆದೇ ಮಲಗಿದ್ದಳು,
ಕಂಬಳಿಯ ಹೊರಗೆ ಕಾಲ ಬೆರಳು ಕುಣಿಸುತ್ತ.
ಹುಷಾರಿಲ್ಲವಾ?
ಹುಷಾರಾಗಿದ್ದೇನೆ ಕಣೇ, ಅಂದಳು,
ಇದು ಬರೀ ಸೋಮಾರಿತನ. ಇವತ್ತೇ ಮೊದಲು.
ಆ ಪದಗಳಲ್ಲಿ ಒಳ್ಳೆಯದೊಂದು ಆರಿಸಿ ತಾ,
ಬರುವಾಗ ಚಹಾನೂ.